ಇಂದುಮತಿ ಆಯಿಯ ಅರ್ಧ ಮಾತು

ಗಾಳಿಶಕೆ ೯೧, ಹದಿಮೂರನೆಯ ತಿಂಗಳ ನಲವತ್ತನೆಯ ದಿನ
ಗದಗ, ಮೇಲಿನ ಓಣಿ

ಪೂಜ್ಯ ಇಂದುಮತಿ ಆಯಿ ಅವರಿಗೆ,

ನಿಮ್ಮ ಏಳನೆಯ ತಲೆಮಾರಿನವಳು, ನೀವು ಎಂದೂ ಕಾಣದ ಪಂಚಮಿ ಮಾಡುವ ನಮಸ್ಕಾರಗಳು. ಮೇಲಿನ ತಾರೀಖು ನೋಡಿ, ಯಾರೋ ತಲೆಕೆಟ್ಟವರು ಬರೆದ ಕಾಗದವೆಂದು ಹರಿದು ಎಸೆಯಬೇಡಿ. ಕಪ್ಪತಗುಡ್ಡದ ಮೇಲೆ ಮುಂಗಾರಿನ ಗಾಳಿ ಎದ್ದ ದಿನ ನಮ್ಮ ವರ್ಷ ಹುಟ್ಟುತ್ತದೆ. ಗಾಳಿ ತಡಮಾಡಿದರೆ ವರ್ಷ ಉದ್ದವಾಗುತ್ತದೆ, ಕೊನೆಯ ತಿಂಗಳು ಮುಗಿಯುವುದೇ ಇಲ್ಲ. ಈ ಸಲ ಗಾಳಿ ಇನ್ನೂ ಎದ್ದಿಲ್ಲ. ನಿಮ್ಮ ಲೆಕ್ಕದಲ್ಲಿ ಇದು ಇಪ್ಪತ್ಮೂರನೆಯ ಶತಮಾನ. ನನ್ನ ಕನ್ನಡದ ಬಗ್ಗೆಯೂ ಮೊದಲೇ ಕ್ಷಮೆ ಕೇಳುತ್ತೇನೆ. ನಿಮ್ಮ ಕಾಲದ ಬರವಣಿಗೆಯನ್ನು ನಾನು ಹಳೆಯ ಔಷಧದ ಚೀಟಿಗಳಿಂದಲೂ ಬಿಸ್ಕತ್ತಿನ ಪೊಟ್ಟಣಗಳಿಂದಲೂ ಕಲಿತವಳು. ನೀವು ಹೈಸ್ಕೂಲಿನಲ್ಲಿ ಪಿ.ಟಿ. ಟೀಚರ್ ಆಗಿದ್ದವರು, ತಪ್ಪು ಕಂಡಲ್ಲಿ ತಿದ್ದಿಕೊಂಡು ಓದುವ ಅಭ್ಯಾಸ ನಿಮಗೆ ಇದ್ದೇ ಇರುತ್ತದೆ.

ನಮ್ಮೂರಿನಲ್ಲಿ ಅಂಚೆಬಾವಿ ಎಂಬುದಿದೆ. ಅದರೊಳಗೆ ಬಿಟ್ಟ ಕಾಗದ ಹಿಂದಿನ ಕಾಲಕ್ಕೆ ಹೋಗಿ ಬೀಳುತ್ತದೆ. ಒಬ್ಬರಿಗೆ ಒಂದು ಜನ್ಮಕ್ಕೆ ಒಂದೇ ಕಾಗದ. ಹೆಚ್ಚಿನವರು ಮುದುಕರಾಗುವವರೆಗೆ ಕಾದು, ಹಿರಿಯರಿಗೆ ಎರಡು ಸಾಲು ಕೃತಜ್ಞತೆ ಬರೆದು ಕೈತೊಳೆದುಕೊಳ್ಳುತ್ತಾರೆ. ನನಗೆ ಮೂವತ್ತಾರು ವರ್ಷ. ನನ್ನ ಒಂದೇ ಕಾಗದವನ್ನು ನಾನು ಈಗಲೇ ಖರ್ಚು ಮಾಡುತ್ತಿದ್ದೇನೆ, ಏಕೆಂದರೆ ಬಿದಿಗೆ ಎಂಬ ನನ್ನ ಒಂಬತ್ತು ವರ್ಷದ ಮಗಳು ಊಟ ಬಿಟ್ಟಿದ್ದಾಳೆ. ನಿಮ್ಮ ಮಾತು ಕೇಳಿ ಬಿಟ್ಟಿದ್ದಾಳೆ, ಆಯಿ. ನೀವು ಹೇಳದೆ ಅವಳು ಮತ್ತೆ ಉಣ್ಣುವುದಿಲ್ಲ.

ನಿಮಗೆ ಅರ್ಥವಾಗುವಂತೆ ಹೇಳಬೇಕಾದರೆ ಮನೆದನಿಯಿಂದ ಶುರುಮಾಡಬೇಕು. ನಮ್ಮ ಪ್ರತಿ ಮನೆಯ ಗೋಡೆಯಲ್ಲಿ ಆ ಮನೆತನದ ಸತ್ತ ಹಿರಿಯರೊಬ್ಬರ ದನಿ ಇರುತ್ತದೆ. ಅವರು ಬದುಕಿದ್ದಾಗ ಮೊಬೈಲಿನಲ್ಲಿ ಬಿಟ್ಟ ಮಾತುಗಳನ್ನು ಹೆಕ್ಕಿ, ಬೇಡದ ಸದ್ದು ತೊಳೆದು, ಗೋಡೆಗೆ ಕೂಡಿಸುತ್ತಾರೆ. ಯಾವ ಹೊತ್ತಿಗೆ ಯಾವ ಮಾತು ಬೇಕೋ ಗೋಡೆಯೇ ಆರಿಸಿ ಆಡುತ್ತದೆ. ಪಕ್ಕದ ಮನೆಯಲ್ಲಿ ಒಬ್ಬ ಕಂಡಕ್ಟರ್ ಅಜ್ಜ ಇದ್ದಾನೆ, ಇಡೀ ದಿನ ಮುಂದೆ ಸರಿಯಿರಿ ಎನ್ನುತ್ತಿರುತ್ತಾನೆ. ನಮ್ಮ ಮನೆಗೆ ನೀವು ಬಂದಿರಿ. ನಿಮ್ಮ ಯಜಮಾನರು ಎದೆನೋವಿನಿಂದ ತೀರಿಕೊಂಡ ತಿಂಗಳಿನಿಂದ ನೀವು 'ಕೊಣ್ಣೂರ ಪರಿವಾರ' ಎಂಬ ಗ್ರೂಪಿಗೆ ದಿನಕ್ಕೊಂದು ಆರೋಗ್ಯದ ಮಾತು ಕಳಿಸತೊಡಗಿದಿರಂತೆ. ಮಕ್ಕಳು, ಸೊಸೆಯಂದಿರು, ಮೈದುನರು ಯಾರೂ ಉತ್ತರ ಕೊಡುತ್ತಿರಲಿಲ್ಲ, ಬಹಳ ಜನ ಕೇಳುತ್ತಲೂ ಇರಲಿಲ್ಲ ಎಂದು ದಾಖಲೆ ಹೇಳುತ್ತದೆ. ಅದನ್ನು ಓದಿ ನನಗೆ ನಿಮ್ಮ ಮೇಲೆ ಕರುಣೆ ಬಂತು. ಆದರೆ ಅವರು ಕೇಳದ್ದನ್ನೆಲ್ಲ ನಾವು ಬಡ್ಡಿಸಮೇತ ಕೇಳಿದ್ದೇವೆ, ನಂಬಿ.

ಬೆಳಗ್ಗೆ ಐದಕ್ಕೆ ನಿಮ್ಮ ದನಿಯೇ ನಮ್ಮನ್ನು ಎಬ್ಬಿಸುತ್ತದೆ. "ಏಳ್ರಿ, ಏಳ್ರಿ, ಹಾಸಿಗ್ಯಾಗ ಎಷ್ಟೊತ್ತು ಹೊಳ್ಳಾಡ್ತೀರಿ? ಮೊದಲ ಒಂದ ಲೋಟ ಬೆಚ್ಚನ ನೀರ ಕುಡೀರಿ." ಕುಡಿಯುತ್ತೇವೆ. ಆಮೇಲೆ ಗೋಡೆಗೆ ಬೆನ್ನುಕೊಟ್ಟು ನಿಂತು ಹತ್ತು ಸಲ ಕುಕ್ಕರಿಸಿ ಏಳುತ್ತೇವೆ. ನೀವು ಎಣಿಸುತ್ತೀರಿ, ಏಳಕ್ಕೂ ಎಂಟಕ್ಕೂ ನಡುವೆ ಎಂದಿನಂತೆ ಒಮ್ಮೆ ಕೆಮ್ಮುತ್ತೀರಿ, ನಾವೂ ಅಷ್ಟು ಹೊತ್ತು ತಡೆಯುತ್ತೇವೆ. ಅಡುಗೆಮನೆಯಲ್ಲಿ ಎಣ್ಣೆಯ ಕುಡಿಕೆ ಮುಟ್ಟಿದರೆ, "ಕರದ ಎಣ್ಣಿ ಮತ್ತ ಕಾಸಬ್ಯಾಡ್ರಿ, ಎಣ್ಣಿ ಕಡಿಮಿ ಮಾಡ್ರಿ." ಉಪ್ಪಿನ ಮರಿಗೆಯ ಹತ್ತಿರ ಹೋದರೆ, "ಬಿ.ಪಿ. ಏರಿದ ಮ್ಯಾಲ ಅತ್ತರ ಏನ ಬಂತು? ಉಪ್ಪ ಕಡಿಮಿ." ನೀವು ಉಪ್ಪಿನಕಾಯಿಯ ಬಗ್ಗೆ ಹೇಳಿದ್ದು ನನಗೆ ಬಹಳ ಇಷ್ಟ: "ಉಪ್ಪಿನಕಾಯಿ ನೋಡಿ ಬಾಯಾಗ ನೀರ ಬಂದ್ರ ನೀರನ ಕುಡೀರಿ." ಉಪ್ಪಿನಕಾಯಿ ಎಂದರೆ ಏನೆಂದು ಈಗ ಯಾರಿಗೂ ಸರಿಯಾಗಿ ಗೊತ್ತಿಲ್ಲ, ಆದರೂ ಆ ಮಾತು ಬಂದಾಗ ಮನೆಯವರೆಲ್ಲ ಎದ್ದು ನೀರು ಕುಡಿಯುತ್ತೇವೆ. ಊಟವಾದ ಮೇಲೆ ನೂರು ಹೆಜ್ಜೆ, ಸಂಜೆ ಮೊಣಕಾಲಿನ ವ್ಯಾಯಾಮ, ಒಂಬತ್ತೂವರೆಗೆ ದೀಪ ಆರಿಸುವುದು. ನಿಮ್ಮ ಶಿಸ್ತಿನಲ್ಲಿ ನನ್ನ ಅಜ್ಜಿ ನೂರಾ ಹದಿನೆಂಟು ವರ್ಷ ಬಾಳಿದಳು, ಕೊನೆಯ ದಿನವೂ ಕುಕ್ಕರಿಸಿ ಎದ್ದಳು. ಇದಕ್ಕೆ ಋಣಿಯಾಗಿದ್ದೇನೆಂದು ಮೊದಲು ಹೇಳಿಬಿಡುತ್ತೇನೆ, ಆಮೇಲೆ ಬರುವ ಮಾತು ಕಹಿಯಾಗಿದೆ.

ನಮ್ಮಲ್ಲಿ ಊಟದ ಹೊತ್ತಿಗೆ ಬದುಕಿರುವವರು ಮಾತಾಡುವ ಪದ್ಧತಿ ಇಲ್ಲ. ತಟ್ಟೆ ಇಟ್ಟರೆಂದರೆ ಬಾಯಿ ಮುಚ್ಚಬೇಕು, ಮನೆದನಿ ಮಾತ್ರ ಆಡಬೇಕು. ಹಿರಿಯರು ಮಾತಾಡುವಾಗ ನಡುವೆ ಬಾಯಿ ಹಾಕಬಾರದೆಂಬ ನಯ ಬೆಳೆದು ಬೆಳೆದು ಹೀಗಾಗಿದೆ. ಬಡಿಸುವವಳೂ ಮೌನ, ಉಣ್ಣುವವರೂ ಮೌನ. ನನ್ನ ತಾಯಿ ಒಂದು ದಿನವೂ ಊಟದ ಹೊತ್ತಿನಲ್ಲಿ ನನ್ನೊಂದಿಗೆ ಮಾತಾಡಿದ್ದು ನೆನಪಿಲ್ಲ, ನಾನೂ ಬಿದಿಗೆಯೊಂದಿಗೆ ಆಡಿಲ್ಲ. ಇನ್ನೊಂದು ಕಾನೂನೂ ಇದೆ: ಸತ್ತವರ ಬಾಯಲ್ಲಿ ಅವರು ಆಡದ ಮಾತು ತುರುಕಬಾರದು. ಹಿಂದೆ ಜನ ಅಜ್ಜಂದಿರ ದನಿಯಲ್ಲಿ ತಮಗೆ ಬೇಕಾದ್ದನ್ನೆಲ್ಲ ಹೇಳಿಸಿ ದೊಡ್ಡ ರಾದ್ಧಾಂತವಾಗಿತ್ತು. ಹಾಗಾಗಿ ನೀವು ಆಡಿದಷ್ಟೇ ನಮಗೆ ಉಂಟು.

ನೀವು ಆಡಿದ್ದರಲ್ಲಿ ಉಳಿದದ್ದು ನಾನೂರ ಆರು ಮಾತು. ಊಟದ್ದೆಲ್ಲ ಇಳಿಸುವ ಮಾತು. ಉಪ್ಪು ಇಳಿಸಿ, ಸಕ್ಕರೆ ಇಳಿಸಿ, ಅನ್ನ ಇಳಿಸಿ, ಹೊಟ್ಟೆ ಇಳಿಸಿ. ನೀವು ಹೇಳಿದ್ದು ಸುಳ್ಳಲ್ಲ. ಐವತ್ತು ದಾಟಿದ, ಕುರ್ಚಿ ಬಿಟ್ಟು ಏಳದ, ಬಜ್ಜಿ ಮಿರ್ಚಿಯ ಮುಂದೆ ಸೋಲುವ ನಿಮ್ಮ ಮೈದುನಂದಿರಿಗೆ ಅದು ಸರಿಯಾದ ಮಾತೇ. ಆದರೆ ಮೈದುನಂದಿರು ಹೋದರು, ಮಾತು ಉಳಿಯಿತು. ಯಾರಿಗೆ ಹೇಳಿದ್ದು ಎಂಬುದು ಕಳಚಿಬಿದ್ದು, ಹೇಳಿದ್ದು ಮಾತ್ರ ಗೋಡೆಯಲ್ಲಿ ಕೂತಿತು.

ನನ್ನ ಕೆಲಸ ಅಳತೆ. ಪ್ರತಿ ಹುಣ್ಣಿಮೆಗೆ ಓಣಿಯ ಮನೆಗಳಿಗೆ ಹೋಗಿ ಪ್ರತಿಯೊಬ್ಬರ ಮಣಿಕಟ್ಟು, ತೋಳು, ಸೊಂಟಕ್ಕೆ ದಾರ ಸುತ್ತಿ ಗಂಟು ಹಾಕುತ್ತೇನೆ. ಉಸಿರು, ನಾಡಿ, ರಕ್ತದ ಸಕ್ಕರೆ ನೋಡುತ್ತೇನೆ. ನಮ್ಮನ್ನು ದಾರದವರು ಎನ್ನುತ್ತಾರೆ. ಹಿಂದಿನ ಹುಣ್ಣಿಮೆಯ ಗಂಟಿಗಿಂತ ದಾರ ಇಳಿದಿದ್ದರೆ ಅದು ಶುಭ. ವರ್ಷದ ಕೊನೆಯಲ್ಲಿ ಇಳಿಕೆಯ ಹುಣ್ಣಿಮೆ ಎಂದು ಮಾಡುತ್ತೇವೆ. ಓಣಿಯಲ್ಲಿ ಯಾರ ದಾರ ಎಲ್ಲರಿಗಿಂತ ಹೆಚ್ಚು ಇಳಿದಿದೆಯೋ ಅವರನ್ನು ಮಣೆಯ ಮೇಲೆ ಕೂಡಿಸಿ, ಅರಿಶಿನ ಹಚ್ಚಿ, ಆರತಿ ಎತ್ತುತ್ತಾರೆ. ಹೋದ ವರ್ಷ ಆ ಮಣೆಯ ಮೇಲೆ ನನ್ನ ಬಿದಿಗೆ ಕೂತಳು. ದಾರ ಕಟ್ಟಿದವಳು ನಾನೇ. ಎರಡು ಬೆರಳು ಇಳಿದಿದೆ ಎಂದು ಎಲ್ಲರಿಗೂ ಕೇಳುವಂತೆ ಕೂಗಿದವಳೂ ನಾನೇ. ಪಕ್ಕದ ಮನೆಯ ದಶಮಿ ಚಿಗವ್ವ ನನ್ನ ಕೈ ಹಿಡಿದು, "ಪುಣ್ಯಾ ಮಾಡೀದಿ ಪಂಚಮಿ, ಇಂಥಾ ಮಗಳು ಹುಟ್ಟ್ಯಾಳ" ಎಂದಾಗ ನನ್ನ ಎದೆ ಉಬ್ಬಿತ್ತು. ಈಗ ನೆನೆದರೆ ಮೈ ಪರಚಿಕೊಳ್ಳಬೇಕೆನ್ನಿಸುತ್ತದೆ.

ಆಗಿದ್ದು ಇಷ್ಟು. ಮಧ್ಯಾಹ್ನ ತಟ್ಟೆ ಇಟ್ಟಾಗ ನೀವು ದಿನಾ ಹೇಳುತ್ತೀರಿ, "ಅನ್ನ ಅರ್ಧಕ್ಕ ಇಳಸ್ರಿ, ರೊಟ್ಟಿ ಎರಡಕ್ಕ ನಿಲ್ಲಸ್ರಿ." ನಾವು ದೊಡ್ಡವರು ಆ ಮಾತನ್ನು ಶಾಂತಿಮಂತ್ರದ ಹಾಗೆ ಕೇಳಿ, ತಲೆಯಾಡಿಸಿ, ಬೇಕಾದಷ್ಟು ಉಣ್ಣುತ್ತೇವೆ. ನಮ್ಮ ಭಕ್ತಿ ಅಷ್ಟರದ್ದೇ. ಬಿದಿಗೆಗೆ ಈ ಜಾಣತನ ಇನ್ನೂ ಬಂದಿರಲಿಲ್ಲ. ಅವಳು ನಿಮ್ಮನ್ನು ನಿಜವಾಗಿ ನಂಬಿದಳು. ಮೊದಲ ದಿನ ಅರ್ಧ ಉಂಡಳು. ಮರುದಿನ ನೀವು ಮತ್ತೆ ಅರ್ಧ ಎಂದಿರಿ, ಅವಳು ಅರ್ಧದಲ್ಲಿ ಅರ್ಧ ಮಾಡಿದಳು. ರೊಟ್ಟಿಯನ್ನೂ ಹಾಗೇ ಹರಿಯುತ್ತ ಹೋದಳು. ಊಟವಾದ ಮೇಲೆ ಅಂಗಳದಲ್ಲಿ ನೂರು ಹೆಜ್ಜೆ ತಪ್ಪದೆ ಹಾಕಿ, ನನ್ನ ಹತ್ತಿರ ಬಂದು ಹೇಳುತ್ತಿದ್ದಳು, "ಅವ್ವಾ, ಆಯಿ ಹೇಳಿದಂಗ ಮಾಡೀನಿ. ನಾ ಶಾಣ್ಯಾಕಿ ಅಲ್ಲ?" ನಾನು ಹೌದೆಂದು ಅವಳ ತಲೆ ಸವರುತ್ತಿದ್ದೆ.

ಈಗ ಅವಳ ಮಣಿಕಟ್ಟಿನ ದಾರ ನನ್ನ ಹೆಬ್ಬೆರಳಿಗೆ ಸುತ್ತುವಷ್ಟಾಗಿದೆ. ಮೆಟ್ಟಿಲು ಹತ್ತಿದರೆ ಗೋಡೆ ಹಿಡಿದು ನಿಲ್ಲುತ್ತಾಳೆ. ಬಿಸಿಲಿನಲ್ಲಿ ಕೂತರೂ ಚಳಿ ಎನ್ನುತ್ತಾಳೆ. ಅವಳ ಅಪ್ಪ ಗುಡ್ಡದ ಮೇಲೆ ಗಾಳಿಗಿರಣಿ ಕಾಯುತ್ತಾನೆ, ತಿಂಗಳಿಗೊಮ್ಮೆ ಇಳಿದು ಬರುತ್ತಾನೆ. ಹೋದ ಸಲ ಬಂದವನು ಎಂದಿನಂತೆ ಅವಳನ್ನು ಎತ್ತಿಕೊಂಡ, ತಕ್ಷಣ ಕೆಳಗಿಳಿಸಿ ಹಿತ್ತಲಿಗೆ ಹೋದ. ಆ ದಿನ ನಾನು ನನ್ನ ಅಳತೆಯ ಪಟ್ಟಿ ತೆಗೆದು ಕೂತೆ. ಹದಿನಾಲ್ಕು ವರ್ಷದಿಂದ ಕೈಯಲ್ಲಿ ಹಿಡಿದ ಪಟ್ಟಿ ಅದು. ಸಕ್ಕರೆ ಇದಕ್ಕಿಂತ ಮೇಲೆ ಹೋಗಬಾರದು, ಸೊಂಟ ಇದಕ್ಕಿಂತ ಮೇಲೆ ಹೋಗಬಾರದು, ತೂಕ ಇದಕ್ಕಿಂತ ಮೇಲೆ ಹೋಗಬಾರದು. ಪ್ರತಿಯೊಂದಕ್ಕೂ ಮೇಲಿನ ಗೆರೆ ಇದೆ. ಕೆಳಗಿನ ಗೆರೆ ಒಂದಕ್ಕೂ ಇಲ್ಲ. ಇಷ್ಟಕ್ಕಿಂತ ಕೆಳಗೆ ಇಳಿಯಬಾರದೆಂದು ಯಾರೂ ಎಂದೂ ಬರೆದಿಲ್ಲ, ನಾನೂ ಕೇಳಿಲ್ಲ. ಆ ಪಟ್ಟಿಯ ಪ್ರಕಾರ ನನ್ನ ಮಗಳಷ್ಟು ಆರೋಗ್ಯವಂತರು ಓಣಿಯಲ್ಲಿ ಇನ್ನೊಬ್ಬರಿಲ್ಲ.

ಹಿರಿಯ ದಾರದವರಲ್ಲಿಗೆ ಹೋದೆ. ಅವರು ಬಿದಿಗೆಯ ನಾಡಿ ನೋಡಿ, ಪಟ್ಟಿ ನೋಡಿ, ಇಷ್ಟು ಒಳ್ಳೆಯ ಮಗುವನ್ನು ಕರೆದುಕೊಂಡು ಬಂದು ಅಳುತ್ತೀಯಲ್ಲ ಎಂದರು. ದಶಮಿ ಚಿಗವ್ವ ನನಗೆ ಹೊಟ್ಟೆಕಿಚ್ಚು ಎಂದಳು, ಸ್ವಂತ ಮಗಳ ಮೇಲೆ. ಒಂದು ದಿನ ಗೋಡೆಯ ದನಿಯನ್ನೇ ನಿಲ್ಲಿಸಿ ನೋಡಿದೆ. ನಿಮ್ಮ ದನಿ ಇಲ್ಲದ ಮನೆಯಲ್ಲಿ ಬಿದಿಗೆ ಮೂಲೆಮೂಲೆ ತಡಕುತ್ತ, ಆಯಿ ಎಲ್ಲಿ ಹೋದಳು ಎಂದು ಅತ್ತಳು; ನೀವು ಹೇಳದ್ದರಿಂದ ಆ ದಿನ ಅರ್ಧದ ಅರ್ಧವನ್ನೂ ಮುಟ್ಟಲಿಲ್ಲ. ಸಂಜೆಗೆ ಗೋಡೆಯನ್ನು ಮತ್ತೆ ಹಚ್ಚಬೇಕಾಯಿತು. ನೀವು ನಮ್ಮ ಮನೆಯಿಂದ ಹೋಗುವವರಲ್ಲ, ಆಯಿ, ನಾವೂ ನಿಮ್ಮನ್ನು ಕಳಿಸಲಾರೆವು.

ಹಾಗಾಗಿ ನಾನು ದಾಖಲೆಮನೆಗೆ ಹೋಗಿ, ತೊಳೆಯುವ ಮೊದಲಿನ ನಿಮ್ಮ ಮಾತುಗಳನ್ನು ಕೇಳಲು ಕೂತೆ. ಎಲ್ಲಾದರೂ ಒಂದು ಕಡೆ ಉಣ್ಣು ಎಂದಿರಬೇಕಲ್ಲ ಎಂಬ ಆಸೆ. ಹದಿನೆಂಟು ದಿನ ಕೇಳಿದೆ. ಇಳಿಸಿ, ಬಿಡಿ, ಸಾಕು, ಬೇಡ. ಹತ್ತೊಂಬತ್ತನೆಯ ದಿನ ಮುನ್ನೂರ ಹದಿನೇಳನೆಯದು ಬಂತು. ಅದೇ ಅರ್ಧ ಅನ್ನದ ಮಾತು, ನಮ್ಮ ತಟ್ಟೆಯ ಮುಂದೆ ದಿನಾ ಆಡುವುದು. ಆದರೆ ತೊಳೆಯದ ಮಾತು ಅಲ್ಲಿಗೆ ನಿಲ್ಲುವುದಿಲ್ಲ, ಇನ್ನೂ ಏಳು ಸೆಕೆಂಡು ಇದೆ. ಬಾಗಿಲು ಕಿರುಗುಟ್ಟುತ್ತದೆ. ಒಂದು ಮಗುವಿನ ದನಿ, "ಆಯೀ, ಹಸಿವಾಗೇತಿ." ಆಗ ನಿಮ್ಮ ದನಿ ತಿರುಗುತ್ತದೆ. ಅಂಥ ದನಿ ನಿಮಗಿದೆಯೆಂದು ನನಗೆ ಗೊತ್ತೇ ಇರಲಿಲ್ಲ. "ಬಾ ನನ್ನ ಬಂಗಾರ, ಕೂಡು. ಇನ್ನೊಂದ..." ಅಷ್ಟೇ. ಅಲ್ಲಿಗೆ ಕಡಿದಿದೆ. ಕೆಲಸಕ್ಕೆ ಬಾರದ ಸದ್ದು ಎಂದು ತೊಳೆಯುವವರು ಆ ಏಳು ಸೆಕೆಂಡನ್ನು ಬಿಸಾಕಿದ್ದರು. ನಾನು ಅಲ್ಲೇ ನೆಲದ ಮೇಲೆ ಕೂತು ಅತ್ತೆ, ದಾಖಲೆಮನೆಯವರು ಬಂದು ನೀರು ಕೊಡುವವರೆಗೆ.

ನನಗೆ ಆಗ ತಿಳಿಯಿತು. ನೀವು ದಿನಾ ಮನೆಯಲ್ಲಿ ಎಲ್ಲರಿಗೂ ಇದನ್ನೇ ಹೇಳುತ್ತಿದ್ದಿರಿ, ಕೈಯಲ್ಲಿ ಸೌಟು ಹಿಡಿದು, ಬೇಡವೆಂದರೂ ಬಿಡದೆ. ಎದುರಿಗೆ ಇದ್ದವರಿಗೆ ಬಾಯಿಂದ ಹೇಳುವುದನ್ನು ಯಾರು ಮೊಬೈಲಿನಲ್ಲಿ ಕಳಿಸುತ್ತಾರೆ? ಕಳಿಸಿದ್ದು ಉಳಿಯಿತು, ಎದುರಿಗೆ ಹೇಳಿದ್ದು ಹೋಯಿತು. ಒಬ್ಬ ಹೆಂಗಸಿನ ಒಂದು ಪಾಲನ್ನು ಮಾತ್ರ ನಾವು ನೂರು ವರ್ಷಕ್ಕೂ ಹೆಚ್ಚು ಕಾಲ ಗೋಡೆಯಲ್ಲಿಟ್ಟು ಪೂಜಿಸಿದ್ದೇವೆ.

ಆ ಏಳು ಸೆಕೆಂಡನ್ನು ಮನೆಗೆ ತಂದು ಬಿದಿಗೆಗೆ ಕೇಳಿಸಿದೆ. ಮಲಗಿದ್ದವಳು ಎದ್ದು ಕೂತಳು. ಎಷ್ಟೋ ತಿಂಗಳ ಮೇಲೆ ಅವಳ ಮುಖದಲ್ಲಿ ರಂಗು ಕಂಡೆ. ಮತ್ತೊಮ್ಮೆ ಎಂದಳು, ಮತ್ತೊಮ್ಮೆ ಎಂದಳು. ಆಮೇಲೆ ಕೇಳಿದಳು, "ಇನ್ನೊಂದ ಏನವ್ವಾ? ಆಯಿ ಇನ್ನೊಂದ ಏನ ತಿನ್ನಂದಳು?" ನನಗೆ ಗೊತ್ತಿಲ್ಲ ಎಂದೆ. ಅವಳು ಅದಕ್ಕೇ ಕಾಯುತ್ತಿದ್ದಾಳೆ. ಆಯಿ ಪೂರ್ತಿ ಹೇಳದೆ ಹೆಚ್ಚು ತಿಂದರೆ ತಪ್ಪಾಗುತ್ತದೆ ಎಂದು ಅವಳ ಹಟ. ಮಾತು ಕೇಳುವ ಮಗು ಅವಳು, ಅದೇ ಅವಳ ಕಷ್ಟ. ಆಯಿ ಹೇಳಿದರೆ ತಿನ್ನುತ್ತೇನೆ ಎನ್ನುತ್ತಾಳೆ. ಸುಳ್ಳು ಹೇಳಬಹುದಿತ್ತು. ಹೇಳಿದೆ ಕೂಡ, ಒಂದು ಮಧ್ಯಾಹ್ನ ಬಾಗಿಲ ಹಿಂದೆ ನಿಂತು, ನಿಮ್ಮ ದನಿ ಮಾಡಿ. ಅವಳು ಬಾಗಿಲ ಸಂದಿಯಿಂದ ನನ್ನನ್ನು ನೋಡಿ, ಪಾಪ, ನಗಲೂ ಇಲ್ಲ. "ಅವ್ವಾ, ನೀ ಆಯಿ ಅಲ್ಲ" ಎಂದಳು.

ನಾಳೆ ಬೆಳಗ್ಗೆ ಹತ್ತಕ್ಕೆ ಬಾವಿ ತೆರೆಯುತ್ತದೆ. ಕಾಗದ ಬಿಟ್ಟು, ಊಟದ ಹೊತ್ತಿಗೆ ಮನೆ ಸೇರಿ, ಬಿದಿಗೆಯ ಮುಂದೆ ತಟ್ಟೆ ಇಟ್ಟು, ಆ ತೊಳೆಯದ ಮಾತನ್ನು ಹಚ್ಚುತ್ತೇನೆ. ಕಾಗದ ಬೀಳುವವರೆಗೆ ಹಿಂದಿನದು ಕದಲುವುದಿಲ್ಲ, ಬಿದ್ದ ಮೇಲೆ ಕದಲಿದರೂ ಕದಲಬಹುದು ಎಂದು ಬಾವಿಯವರು ಹೇಳುತ್ತಾರೆ. ಏಳು ಸೆಕೆಂಡು ದಾಟಿಯೂ ನಿಮ್ಮ ದನಿ ಮುಂದುವರಿದರೆ ನೀವು ಇದನ್ನು ಓದಿದ್ದೀರಿ. ಅಲ್ಲಿಗೇ ಕಡಿದರೆ, ಓದಿಲ್ಲ, ಅಥವಾ ಓದಿ ನಕ್ಕು ಮಡಚಿಟ್ಟಿದ್ದೀರಿ, ನಿಮ್ಮನ್ನು ದೂರುವುದಿಲ್ಲ. ಆಗ ಪದ್ಧತಿ ಮುರಿದು ತಟ್ಟೆಯ ಮುಂದೆ ನಾನೇ ಬಾಯಿ ತೆರೆಯಬೇಕು, ನನ್ನದೇ ದನಿಯಲ್ಲಿ. ಉಗ್ರಾಣದಲ್ಲಿ ಬಾಗಿಲು ಹಾಕಿಕೊಂಡು ಹೇಳಿ ನೋಡಿದ್ದೇನೆ. ಒಮ್ಮೆ ಗದರಿದಂತೆ ಬರುತ್ತದೆ, ಒಮ್ಮೆ ಬೇಡಿಕೊಂಡಂತೆ. ಉಣ್ಣು ಎಂದು ಮಗುವಿಗೆ ಹೇಗೆ ಹೇಳುತ್ತಾರೆಂದು ನನಗೆ ಯಾರೂ ಕಲಿಸಿಲ್ಲ, ನನಗೆ ಹಾಗೆ ಉಣ್ಣು ಎಂದವರೂ ಇಲ್ಲ. ನನಗೆ ಬಹಳ ಭಯವಾಗುತ್ತಿದೆ.

ಆದ್ದರಿಂದ ಇಷ್ಟೇ ನನ್ನ ಬೇಡಿಕೆ. ನಿಮ್ಮ ಲೆಕ್ಕದ ಮುಂದಿನ ನವೆಂಬರ್, ಎರಡನೆಯ ಭಾನುವಾರ, ಮಧ್ಯಾಹ್ನ ಒಂದೂಕಾಲಿಗೆ ನೀವು ಅಡುಗೆಮನೆಯಲ್ಲಿ ನಿಂತು, ಮೊಬೈಲಿನ ಗುಂಡಿ ಒತ್ತಿಹಿಡಿದು, ಅರ್ಧ ಅನ್ನದ ಮಾತು ಹೇಳುತ್ತೀರಿ. ಬೆರಳು ಒತ್ತಿರುವಷ್ಟು ಹೊತ್ತು ಮಾತು ತುಂಬಿಕೊಳ್ಳುತ್ತದೆಂದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಬಾಗಿಲು ಕಿರುಗುಟ್ಟುತ್ತದೆ, ಹಸಿದ ಮಗುವೊಂದು ಒಳಗೆ ಬರುತ್ತದೆ. ನೀವು ಅದರ ಕಡೆ ತಿರುಗಿ, ಬಾ, ಕೂಡು, ಎನ್ನುತ್ತೀರಿ. ಆಗ ಮಾತು ಮುಗಿಯುವ ಮೊದಲು ಬೆರಳು ಎತ್ತಬೇಡಿ, ಆಯಿ. ಒಳಗೆ ಬಂದದ್ದು ಒಂದೇ ಮಗುವಲ್ಲ.

ನಿಮ್ಮ
ಪಂಚಮಿ